‘ಸೋ ಯಂಗ್ ಸೋ ಬ್ಯಾಡ್’ (1950): ಹುಡುಗಿಯ ಕೂದಲು ಕತ್ತರಿಸುವ ಆ ದೃಶ್ಯದ ಬಗ್ಗೆ ನಿಮಗೆ ಏನನ್ನಿಸಿತು?

ಬಿಳಿಪರದೆ
ಕಳೆದ ಭಾನುವಾರ ರಾತ್ರಿ ‘ಸೋ ಯಂಗ್ ಸೋ ಬ್ಯಾಡ್’ ಎಂಬ 1950ರ ಅಮೆರಿಕನ್ ಚಿತ್ರವನ್ನು ನೋಡಿದೆ. 91 ನಿಮಿಷಗಳ, ತೀರಾ ಕಡಿಮೆ ಖರ್ಚಿನಲ್ಲಿ ತೆಗೆದ ಕಪ್ಪುಬಿಳುಪು ಚಿತ್ರವದು. ದಾರಿತಪ್ಪಿದ ಹುಡುಗಿಯರನ್ನು ತಿದ್ದುವುದಕ್ಕೆಂದು ಸರ್ಕಾರ ನಡೆಸುವ ಒಂದು ಸುಧಾರಣಾ ಶಾಲೆಗೆ ಡಾ. ಜೇಸನ್ ಎಂಬ ಮನೋವೈದ್ಯ ಕೆಲಸಕ್ಕೆ ಬರುತ್ತಾನೆ. ಅಲ್ಲಿ ಮೇಲ್ವಿಚಾರಕಿ ಮಿಸೆಸ್ ಬ್ಯೂಲರ್ ಹೇಳಿದ್ದೇ ಶಾಸನ. ಅಧಿಕಾರಿ ರಿಗ್ಸ್ ಎಲ್ಲವನ್ನೂ ಬಲ್ಲವನಾದರೂ ಕಣ್ಣು ಮುಚ್ಚಿ ಕುಳಿತವನು. ಲೊರೆಟಾ, ಜಾಕಿ, ಜೇನ್, ಡೊಲೊರೆಸ್ ಎಂಬ ನಾಲ್ವರು ಹುಡುಗಿಯರ ಸುತ್ತ ಕಥೆ ನಡೆಯುತ್ತದೆ.

ನನ್ನನ್ನು ಇನ್ನೂ ಬಿಡದೆ ಕಾಡುತ್ತಿರುವುದು ಡೊಲೊರೆಸ್‌ಳ ಕಥೆ. ಮಾತೇ ಆಡದ, ತನ್ನಷ್ಟಕ್ಕೆ ತಾನಿರುವ ಆ ಹುಡುಗಿಯ ಕೂದಲನ್ನು ಮೇಲ್ವಿಚಾರಕಿ ಕತ್ತರಿಸಿಹಾಕುತ್ತಾಳೆ. ಆಮೇಲೆ ಆ ಹುಡುಗಿ ನೇಣು ಹಾಕಿಕೊಳ್ಳುತ್ತಾಳೆ. ನೆಲಮಾಳಿಗೆಯಲ್ಲಿ ಹುಡುಗಿಯರ ಮೇಲೆ ಬೆಂಕಿ ನಂದಿಸುವ ಪೈಪಿನಿಂದ ನೀರು ಬಿಡುವ ದೃಶ್ಯವೂ ಇದೆ, ಅದು ಇದಕ್ಕಿಂತ ಹೆಚ್ಚು ಗದ್ದಲದ್ದು. ಆದರೆ ನನಗೆ ತಡೆಯಲಾಗದೆ ಹೋದದ್ದು ಕತ್ತರಿಯೇ. ಈ ಚಿತ್ರ ನಿಜವಾಗಿಯೂ ಆ ಹುಡುಗಿಯರ ಪರವಾಗಿ ನಿಂತಿದೆಯೇ, ಅಥವಾ ಅವರ ನೋವನ್ನು ತೋರಿಸಿ ಟಿಕೆಟ್ ಮಾರಿದೆಯೇ? ನೋಡಿದವರು ದಯವಿಟ್ಟು ನಿಮ್ಮ ಅಭಿಪ್ರಾಯವನ್ನು ಬರೆಯಿರಿ.

ಹಳೆಯ ರೀಲು
ಡೊಲೊರೆಸ್ ಪಾತ್ರ ಮಾಡಿದ ಹುಡುಗಿ ಯಾರೆಂದು ಗಮನಿಸಿದಿರಾ? ಚಿತ್ರದ ನಟರ ಪಟ್ಟಿಯಲ್ಲಿ ರೊಸಿಟಾ ಮೊರೆನೊ ಎಂದಿದೆ. ಮುಂದೆ ರೀಟಾ ಮೊರೆನೊ ಎಂದು ಹೆಸರಾದವರು ಅವರೇ. 1961ರ ‘ವೆಸ್ಟ್ ಸೈಡ್ ಸ್ಟೋರಿ’ಗೆ ಆಸ್ಕರ್ ಪಡೆದರು. ಪೋರ್ಟೊ ರಿಕೊದಲ್ಲಿ 1931ರ ಡಿಸೆಂಬರ್‌ನಲ್ಲಿ ಹುಟ್ಟಿದವರು, ಎಂದರೆ ಈ ಮೊದಲ ಚಿತ್ರ ತೆರೆಗೆ ಬಂದಾಗ ಅವರಿಗೆ 18 ವರ್ಷ. ಕ್ಯಾಮೆರಾ ಎದುರು ಅಳುಕುವ ಹುಡುಗಿಯ ಅಭಿನಯವೆಂದು ನಾವು ಮೆಚ್ಚುವುದರಲ್ಲಿ ಸ್ವಲ್ಪ ಭಾಗ ನಿಜವಾದ ಅಳುಕೇ ಇದ್ದಿರಬಹುದು ಎಂದು ನನಗನ್ನಿಸುತ್ತದೆ.

ತುಂಗಾತೀರ
ಟಿಕೆಟ್ ಮಾರುವುದಕ್ಕೇ ಮಾಡಿದ ಚಿತ್ರ. ಹೆಸರನ್ನು ನೋಡಿದರೇ ತಿಳಿಯುತ್ತದೆ.

ಮೈಸೂರಿನ ವೀಕ್ಷಕ
ತುಂಗಾತೀರ ಅವರೇ, ಹೆಸರನ್ನು ಇಡುವವರು ನಿರ್ಮಾಪಕರು, ಚಿತ್ರವನ್ನು ಕಟ್ಟುವವರು ಬೇರೆಯವರು. ‘ಇಷ್ಟು ಚಿಕ್ಕವರು, ಇಷ್ಟು ಕೆಟ್ಟವರು’ ಎಂಬ ಹೆಸರು ಗೋಡೆಯ ಮೇಲಿನ ಪೋಸ್ಟರಿಗೆ ಬೇಕಾದದ್ದು. ಒಳಗಿರುವ ಚಿತ್ರ ಮೊದಲಿನಿಂದ ಕೊನೆಯವರೆಗೆ ಆ ಹೆಸರನ್ನು ಅಲ್ಲಗಳೆಯುತ್ತಲೇ ಹೋಗುತ್ತದೆ. ಲೊರೆಟಾ ಮದುವೆಯಿಲ್ಲದೆ ತಾಯಿಯಾದವಳು, ಡೊಲೊರೆಸ್ ನೆಲೆಯಿಲ್ಲದೆ ಅಲೆದವಳು. ಇವರಲ್ಲಿ ಕೆಟ್ಟವರು ಯಾರು ಎಂದು ಚಿತ್ರವೇ ನಮ್ಮನ್ನು ಕೇಳುತ್ತದೆ.

ತುಂಗಾತೀರ
ಕೇಳುತ್ತದೆ, ಸರಿ. ಆದರೆ ಉತ್ತರವನ್ನು ಯಾರ ಬಾಯಿಂದ ಹೇಳಿಸುತ್ತದೆ? ಒಬ್ಬ ಸುಸಂಸ್ಕೃತ ಗಂಡಸಿನ ಬಾಯಿಂದ. ಹುಡುಗಿಯರು ಓಡಿಹೋಗುತ್ತಾರೆ, ಅಳುತ್ತಾರೆ, ಸಾಯುತ್ತಾರೆ. ಅವರ ಪರವಾಗಿ ಮಾತನಾಡುವವನು ಮಾತ್ರ ಡಾಕ್ಟರು. ಅಲ್ಲಿಯೇ ಮೊದಲಿನಿಂದ ಕೆಲಸದಲ್ಲಿದ್ದ ರೂತ್ ಲೆವರಿಂಗ್‌ಗೂ ಧೈರ್ಯ ಬರಬೇಕಾದರೆ ಅವನೇ ಬರಬೇಕು. ಒಳ್ಳೆಯ ಡಾಕ್ಟರ್, ದುಷ್ಟ ಮೇಲ್ವಿಚಾರಕಿ ಎಂಬ ಲೆಕ್ಕದಲ್ಲಿ ಕಥೆ ಮುಗಿದರೆ, ದುಷ್ಟಳನ್ನು ಕಳುಹಿಸಿದ ಕೂಡಲೇ ಎಲ್ಲವೂ ಸರಿಹೋಯಿತು ಎಂದು ನೋಡುಗ ನೆಮ್ಮದಿಯಿಂದ ಮನೆಗೆ ಹೋಗುತ್ತಾನೆ. ನನ್ನ ಆಕ್ಷೇಪವಿರುವುದು ಆ ನೆಮ್ಮದಿಯ ಬಗ್ಗೆ.

ಕಾನೂನು ವಿದ್ಯಾರ್ಥಿ
ತುಂಗಾತೀರ ಅವರ ಮಾತಿಗೆ ನನ್ನದೊಂದು ಸೇರ್ಪಡೆ. ಈ ಚಿತ್ರವನ್ನು ಕೆಲವು ಪಟ್ಟಿಗಳಲ್ಲಿ ಅಪರಾಧ ಚಿತ್ರವೆಂದು ವರ್ಗೀಕರಿಸಿದ್ದಾರೆ. ಅಪರಾಧ ಯಾವುದು ಎಂದು ಹುಡುಕಿದರೆ ಕೈಗೆ ಹೆಚ್ಚೇನೂ ಸಿಗುವುದಿಲ್ಲ. ಅದು ಚಿತ್ರಕಥೆಯ ದೋಷವಲ್ಲ, ಆಗಿನ ಕಾನೂನೇ ಹಾಗಿತ್ತು. ಮಕ್ಕಳಿಗೆಂದು ಪ್ರತ್ಯೇಕ ನ್ಯಾಯಾಲಯ ಮೊದಲು ಆರಂಭವಾದದ್ದು 1899ರಲ್ಲಿ, ಶಿಕಾಗೋದಲ್ಲಿ. ಉದ್ದೇಶ ಒಳ್ಳೆಯದೇ: ಮಗುವನ್ನು ಅಪರಾಧಿಯಂತೆ ಕಾಣದೆ, ತಂದೆಯ ಸ್ಥಾನದಲ್ಲಿ ನಿಂತು ರಾಜ್ಯವೇ ತಿದ್ದಬೇಕು ಎಂಬುದು. ಆದರೆ ಹುಡುಗ ಅಲ್ಲಿಗೆ ಬರುತ್ತಿದ್ದದ್ದು ಹೆಚ್ಚಾಗಿ ಕಳವು ಮಾಡಿ. ಹುಡುಗಿ ಬರುತ್ತಿದ್ದದ್ದು ಮನೆ ಬಿಟ್ಟು ಹೋಗಿ, ರಾತ್ರಿ ತಡವಾಗಿ ಬಂದು, ಹುಡುಗನ ಜೊತೆ ತಿರುಗಾಡಿ, ತಂದೆತಾಯಿಯ ಮಾತು ಮೀರಿ. ನ್ಯೂಯಾರ್ಕ್‌ನಲ್ಲಿ 1923ರಲ್ಲಿ ಇದಕ್ಕೆಂದೇ ‘ಹಾದಿ ತಪ್ಪಿದ ಅಪ್ರಾಪ್ತರ’ ಕಾಯಿದೆ ಬಂತು. ಹೆತ್ತವರೇ ದೂರು ಕೊಟ್ಟು ಮಗಳನ್ನು ಒಳಗೆ ಕಳುಹಿಸಬಹುದಿತ್ತು.

ಶಿಕ್ಷೆಯೆಂದು ಕರೆಯದಿದ್ದ ಕಾರಣಕ್ಕೆ ವಕೀಲರೂ ಇಲ್ಲ, ಇಷ್ಟೇ ತಿಂಗಳು ಎಂಬ ಮಿತಿಯೂ ಇಲ್ಲ. ವಯಸ್ಕ ಕಳ್ಳನಿಗೆ ಆರು ತಿಂಗಳಾದರೆ, ಮನೆಬಿಟ್ಟ ಹುಡುಗಿಗೆ ‘ಸುಧಾರಣೆ’ ಆಗುವವರೆಗೆ. ಸುಧಾರಣೆ ಆಯಿತೆಂದು ಹೇಳಬೇಕಾದವಳು ಮಿಸೆಸ್ ಬ್ಯೂಲರ್. ಇಂಥ ತಪ್ಪಲ್ಲದ ತಪ್ಪುಗಳಿಗಾಗಿ ಮಕ್ಕಳನ್ನು ಕೂಡಿಹಾಕಬಾರದೆಂದು ಅಮೆರಿಕದ ಕೇಂದ್ರ ಸರ್ಕಾರ ರಾಜ್ಯಗಳ ಮೇಲೆ ಒತ್ತಡ ಹಾಕಿದ್ದು 1974ರ ಕಾಯಿದೆಯ ಮೂಲಕ, ಚಿತ್ರ ಬಂದು 24 ವರ್ಷಗಳ ಮೇಲೆ.

ಹಾಗಾಗಿ ನನ್ನ ದೃಷ್ಟಿಯಲ್ಲಿ ಚಿತ್ರದ ನಿಜವಾದ ಕೊರತೆಯೆಂದರೆ ಅದು ಆ ಕಾಯಿದೆಯ ಮೇಲೆ ಕೈ ಇಡದೆ, ಹುಡುಗಿಯರು ಒಳಗೆ ಬಂದಾದ ಮೇಲಿನ ಕ್ರೌರ್ಯವನ್ನಷ್ಟೇ ಪ್ರಶ್ನಿಸುವುದು. ಅವರು ಅಲ್ಲಿ ಇರಲೇಬೇಕಿತ್ತೇ ಎಂಬ ಪ್ರಶ್ನೆ ಹೊಸ್ತಿಲಲ್ಲೇ ಉಳಿಯುತ್ತದೆ.

ಬಿಳಿಪರದೆ
ಇದು ನನಗೆ ಹೊಳೆದಿರಲಿಲ್ಲ. ಧನ್ಯವಾದಗಳು. ಹಾಗೆ ನೋಡಿದರೆ ಡೊಲೊರೆಸ್ ಸತ್ತದ್ದು ಮನೆಯಿಲ್ಲದ ತಪ್ಪಿಗೆ.

ಹಳೆಯ ರೀಲು
ಕಾನೂನಿನ ಮಾತು ಸರಿ. ಆದರೆ ಈ ಚಿತ್ರವನ್ನು ಮಾಡಿದವರು ಯಾರು, ಯಾವ ಹೊತ್ತಿನಲ್ಲಿ ಮಾಡಿದರು ಎಂಬುದನ್ನು ಮರೆತು ತೀರ್ಪು ಕೊಡುವುದು ನ್ಯಾಯವಲ್ಲ.

ನಿರ್ದೇಶಕ ಬರ್ನಾರ್ಡ್ ವೋರ್ಹೌಸ್ ಅಗ್ಗದ ಚಿತ್ರಗಳಲ್ಲಿಯೇ ಪಳಗಿದವರು. ಇಂಗ್ಲೆಂಡಿನಲ್ಲಿ 1927ರ ಕಾಯಿದೆಯಂತೆ ಚಿತ್ರಮಂದಿರಗಳು ಇಷ್ಟು ಪಾಲು ಸ್ವದೇಶಿ ಚಿತ್ರಗಳನ್ನು ತೋರಿಸಲೇಬೇಕಾಯಿತು. ಆ ಪಾಲನ್ನು ತುಂಬಲು ಒಂದು ಅಡಿ ಫಿಲ್ಮಿಗೆ ಒಂದು ಪೌಂಡಿನ ಲೆಕ್ಕದಲ್ಲಿ ಚಿತ್ರಗಳನ್ನು ತೆಗೆದು ಬಿಸಾಡುತ್ತಿದ್ದರು. ಅಂಥ ಕಡೆ ಕೆಲಸ ಮಾಡುತ್ತಲೇ ಒಳ್ಳೆಯ ಚಿತ್ರ ತೆಗೆಯಬೇಕೆಂದು ಹಠ ಹಿಡಿದವರು ಅವರು. ಅವರ 1933ರ ಒಂದು ಚಿತ್ರಕ್ಕೆ ಸಂಕಲನಕಾರರಾಗಿದ್ದವರು ಮುಂದೆ ಜಗತ್ತೇ ಬಲ್ಲ ನಿರ್ದೇಶಕರಾದ ಡೇವಿಡ್ ಲೀನ್. ದುಡ್ಡಿಲ್ಲದಿದ್ದರೂ ಬೆಳಕು ನೆರಳನ್ನು ಹೇಗೆ ದುಡಿಸಿಕೊಳ್ಳಬೇಕು ಎಂದು ಬಲ್ಲ ಕೈ ಈ ಚಿತ್ರದ ನೆಲಮಾಳಿಗೆಯ ದೃಶ್ಯದಲ್ಲಿ ಕಾಣುತ್ತದೆ.

ಚಿತ್ರಕಥೆಯನ್ನು ವೋರ್ಹೌಸ್ ಜೊತೆ ಬರೆದವರು ಜೀನ್ ರೂವೆರಾಲ್ ಎಂಬ ಲೇಖಕಿ. ಡಾಕ್ಟರ್ ಪಾತ್ರದ ಪಾಲ್ ಹೆನ್ರೀಡ್ ‘ಕಾಸಾಬ್ಲಾಂಕಾ’ದಲ್ಲಿ ನಾಜಿಗಳಿಗೆ ಬಗ್ಗದ ವಿಕ್ಟರ್ ಲಾಸ್ಲೊ ಆಗಿದ್ದವರು. 1947ರಲ್ಲಿ ಹಾಲಿವುಡ್ಡಿನ ಕಲಾವಿದರನ್ನು ಕಮ್ಯುನಿಸ್ಟರೆಂದು ಅಮೆರಿಕದ ಸಂಸತ್ತಿನ ಸಮಿತಿಯೊಂದು ವಿಚಾರಣೆಗೆ ಎಳೆದಾಗ, ಅದನ್ನು ಪ್ರತಿಭಟಿಸಲು ವಾಷಿಂಗ್ಟನ್ನಿಗೆ ಹೋದ ಗುಂಪಿನಲ್ಲಿ ಹೆನ್ರೀಡ್ ಇದ್ದರು. ಅಲ್ಲಿಂದ ಮುಂದೆ ದೊಡ್ಡ ಸ್ಟುಡಿಯೋಗಳ ಬಾಗಿಲು ಅವರಿಗೆ ಮುಚ್ಚಿತು. ಹಾಗಾಗಿಯೇ ಅಂಥ ಹೆಸರಾಂತ ನಟ ಡ್ಯಾನ್ಜಿಗರ್ ಸಹೋದರರು ನಿರ್ಮಿಸಿದ ಈ ಅಗ್ಗದ ಚಿತ್ರದಲ್ಲಿ ಸಿಗುತ್ತಾರೆ. 1951ರಲ್ಲಿ ಅದೇ ವಿಚಾರಣಾ ಸಮಿತಿಯ ಮುಂದೆ ವೋರ್ಹೌಸ್ ಹೆಸರೂ ಬಂತು. ಅವರು ಮತ್ತೆ ಇಂಗ್ಲೆಂಡ್ ಸೇರಿ 2000ದಲ್ಲಿ ಅಲ್ಲಿಯೇ ತೀರಿಕೊಂಡರು. ರೂವೆರಾಲ್ ಗಂಡ ಮಕ್ಕಳೊಂದಿಗೆ ಮೆಕ್ಸಿಕೊಗೆ ಹೋಗಿ ಹತ್ತು ವರ್ಷಕ್ಕೂ ಮಿಕ್ಕಿ ಅಲ್ಲಿ ಉಳಿದರು.

ಯಾರು ಬಾಯಿ ಬಿಟ್ಟರು, ಯಾರು ಬಿಡಲಿಲ್ಲ, ಕಂಡದ್ದನ್ನು ಹೇಳಿದವನಿಗೆ ಏನಾಗುತ್ತದೆ ಎಂಬ ಭಯದಲ್ಲಿ ಬದುಕಿದವರು ಮಾಡಿದ ಚಿತ್ರವಿದು. ಎಲ್ಮ್‌ವ್ಯೂ ಎಂಬ ಚಿತ್ರದ ಆ ಶಾಲೆಯ ಗೋಡೆಗಳೊಳಗಿನ ಮೌನ ಅವರಿಗೆ ಕಟ್ಟುಕಥೆಯಾಗಿರಲಿಲ್ಲ.

ಮೈಸೂರಿನ ವೀಕ್ಷಕ
ಹಳೆಯ ರೀಲು ಅವರೇ, ಮಾಹಿತಿ ಬೆಲೆಬಾಳುವಂಥದ್ದು, ಆದರೆ ಕೊನೆಯ ವಾಕ್ಯವನ್ನು ನಾನು ಒಪ್ಪುವುದಿಲ್ಲ. ಮಾಡಿದವರ ಕಷ್ಟವನ್ನು ಚಿತ್ರದ ಗುಣವೆಂದು ಎಣಿಸಲಾಗದು. ಅದೇ 1950ರಲ್ಲಿ ವಾರ್ನರ್ ಬ್ರದರ್ಸ್‌ನ ‘ಕೇಜ್ಡ್’ ಬಂತು. ಅದು ಸುಧಾರಣಾ ಶಾಲೆಯಲ್ಲ, ಹೆಂಗಸರ ಜೈಲು. ಎಲೀನರ್ ಪಾರ್ಕರ್ ನಾಯಕಿ, ಮೇಟ್ರನ್ ಪಾತ್ರದಲ್ಲಿ ಆಜಾನುಬಾಹು ಹೋಪ್ ಎಮರ್ಸನ್. ಇಬ್ಬರಿಗೂ ಆಸ್ಕರ್ ನಾಮನಿರ್ದೇಶನವಾಯಿತು. ಅಲ್ಲಿಯೂ ತಲೆ ಬೋಳಿಸುವ ದೃಶ್ಯವಿದೆ. ಆದರೆ ಅಲ್ಲಿ ಕಾಪಾಡಲು ಯಾರೂ ಬರುವುದಿಲ್ಲ. ಒಳ್ಳೆಯ ಮನಸ್ಸಿನ ಅಧಿಕಾರಿಯೊಬ್ಬಳಿದ್ದರೂ ಅವಳ ಕೈ ಕಟ್ಟಿರುತ್ತದೆ. ಏನೂ ಅರಿಯದೆ ಒಳಗೆ ಹೋದ ಹುಡುಗಿ ಪಕ್ಕಾ ಅಪರಾಧಿಯಾಗಿ ಹೊರಗೆ ಬರುತ್ತಾಳೆ. ತುಂಗಾತೀರ ಅವರು ಹೇಳುವ ನೆಮ್ಮದಿ ಅಲ್ಲಿ ಸಿಗುವುದಿಲ್ಲ. ಎರಡನ್ನೂ ಒಂದಾದ ಮೇಲೊಂದು ನೋಡಿದರೆ ‘ಸೋ ಯಂಗ್ ಸೋ ಬ್ಯಾಡ್’ ಎಲ್ಲಿ ಅಂಜಿತು ಎಂಬುದು ತಿಳಿಯುತ್ತದೆ.

ಹಳೆಯ ರೀಲು
‘ಕೇಜ್ಡ್’ ಹಿಂದೆ ದೊಡ್ಡ ಸ್ಟುಡಿಯೋ ಇತ್ತು. ಇವರಿಗೆ ಬೆಂಬಲಕ್ಕೆ ಯಾರಿದ್ದರು? ಅಂಜಿದರು ಎನ್ನುವ ಮೊದಲು ಅದನ್ನೂ ಯೋಚಿಸಿ.

ಶಾಲಾ ಮಾಸ್ತರು
ಒಬ್ಬ ಒಳ್ಳೆಯ ಅಧಿಕಾರಿಯಿಂದ ಏನೂ ಆಗದು ಎಂದು ಇಲ್ಲಿ ಕೆಲವರು ಹೇಳುತ್ತಿರುವುದರಿಂದ ಬರೆಯುತ್ತಿದ್ದೇನೆ. ಮೆಸಾಚೂಸೆಟ್ಸ್‌ನ ಫ್ರೇಮಿಂಗ್‌ಹ್ಯಾಮ್ ಊರಿನ ಮಹಿಳಾ ಸುಧಾರಣಾಗೃಹದ ಮುಖ್ಯಸ್ಥೆ ಮಿರಿಯಮ್ ವಾನ್ ವಾಟರ್ಸ್ ಅವರ ಸಂಗತಿ ಚಿತ್ರಕ್ಕೆ ಸರಿಯಾಗಿ ಒಂದು ವರ್ಷ ಹಿಂದಿನದು. 1932ರಲ್ಲಿ ಅಧಿಕಾರ ವಹಿಸಿಕೊಂಡ ಅವರು ಒಳಗಿದ್ದ ಹೆಂಗಸರನ್ನು ಕೈದಿಗಳೆನ್ನದೆ ವಿದ್ಯಾರ್ಥಿನಿಯರು ಎನ್ನುತ್ತಿದ್ದರು. ಹಗಲು ಹೊರಗೆ ಕೂಲಿಗೆ ಹೋಗಿ ಸಂಜೆ ಮರಳಲು ಬಿಟ್ಟರು, ತಾಯಂದಿರ ಜೊತೆ ಎಳೆಮಕ್ಕಳನ್ನು ಇರಿಸಿಕೊಂಡರು. ಒಬ್ಬ ತರುಣಿ ಅಲ್ಲಿ ನೇಣು ಹಾಕಿಕೊಂಡ ಮೇಲೆ ತನಿಖೆಗಳು ಶುರುವಾಗಿ, ತೀರಾ ಸಡಿಲ ಬಿಟ್ಟರೆಂಬ ಆರೋಪದ ಮೇಲೆ 1949ರ ಜನವರಿಯಲ್ಲಿ ಅವರನ್ನು ವಜಾ ಮಾಡಿದರು. ಬಹಿರಂಗ ವಿಚಾರಣೆ ನಡೆದು ಮಾರ್ಚ್ ತಿಂಗಳಲ್ಲಿ ಅವರು ಅದೇ ಕುರ್ಚಿಗೆ ಮರಳಿದರು. ಮುಂದೆ 1957ರವರೆಗೆ ಅಲ್ಲಿಯೇ ಇದ್ದರು.

ಆದ್ದರಿಂದ ಡಾ. ಜೇಸನ್ ಗೆಲ್ಲುವುದು ಬರೀ ಸಿನಿಮಾ ಗೆಲುವು ಎನ್ನಲಾಗದು. ಆದರೆ ಒಂದು ಮಾತು: ಫ್ರೇಮಿಂಗ್‌ಹ್ಯಾಮ್‌ನಲ್ಲಿ ಗೆದ್ದವರು ಹೆಂಗಸು. ಚಿತ್ರದವರು ಅದನ್ನು ಗಂಡಸಿಗೆ ಕೊಟ್ಟರು.

ತುಂಗಾತೀರ
ಮಾಸ್ತರೇ, ನೀವು ನನ್ನನ್ನು ಖಂಡಿಸಲು ಹೊರಟು ನನ್ನ ವಾದಕ್ಕೇ ಬಲ ಕೊಟ್ಟಿರಿ.

ಜರ್ಸಿ ಕನ್ನಡತಿ
ನಾನು ನ್ಯೂ ಜರ್ಸಿಯಲ್ಲಿದ್ದೇನೆ. ನ್ಯೂಯಾರ್ಕ್ ರಾಜ್ಯದ ಹಡ್ಸನ್ ಊರಿನಲ್ಲಿ ಇಂಥದ್ದೇ ಒಂದು ಹುಡುಗಿಯರ ತರಬೇತಿ ಶಾಲೆ 1904ರಿಂದ 1975ರವರೆಗೆ ನಡೆಯಿತು. ಈಗ ಆ ಜಾಗದಲ್ಲಿ ಜೈಲಿದೆ. ಹೊರಗಿನಿಂದ ನೋಡಿದವರು ಶಾಲೆಯೆಂದೇ ನಂಬುವಂತೆ, ಹುಲ್ಲುಹಾಸಿನ ನಡುವೆ ಇಟ್ಟಿಗೆಯ ಪುಟ್ಟ ಪುಟ್ಟ ಮನೆಗಳನ್ನು ಕಟ್ಟಿ ಅವಕ್ಕೆ ಕಾಟೇಜ್ ಎಂದು ಹೆಸರಿಟ್ಟಿದ್ದರು. ಜೈಲಿನಂತೆ ಕಾಣದ ಜೈಲು.

ಹೆಸರಾಂತ ಜಾಸ್ ಗಾಯಕಿ ಎಲಾ ಫಿಟ್ಜೆರಾಲ್ಡ್ ಹದಿಹರೆಯದಲ್ಲಿ, ತಾಯಿ ತೀರಿಕೊಂಡ ಮೇಲೆ, ಅಲ್ಲಿ ಸೆರೆಯಲ್ಲಿದ್ದರು. ಕಪ್ಪುಜನರ ಹುಡುಗಿಯರಿಗೆ ಬೇರೆಯೇ ಕಾಟೇಜ್‌ಗಳು, ಹೊಡೆತಗಳು, ನೆಲಮಾಳಿಗೆ. ಶಾಲೆಗೆ ಒಂದು ಗಾಯನವೃಂದವಿತ್ತು, ಆದರೆ ಅದರಲ್ಲಿ ಬಿಳಿಯ ಹುಡುಗಿಯರಿಗಷ್ಟೇ ಜಾಗ. 1934ರ ನವೆಂಬರ್‌ನಲ್ಲಿ ಹಾರ್ಲೆಮ್‌ನ ಅಪೊಲೊ ರಂಗಮಂದಿರದ ಸ್ಪರ್ಧೆಯಲ್ಲಿ ಹಾಡಿ ಗೆದ್ದ ಹುಡುಗಿಗೆ ಆ ಶಾಲೆಯ ವೃಂದದಲ್ಲಿ ಒಂದು ಸಾಲು ಹಾಡುವ ಅವಕಾಶ ಸಿಕ್ಕಿರಲಿಲ್ಲ. ಅವರು ಬದುಕಿರುವವರೆಗೆ ಆ ದಿನಗಳ ಬಗ್ಗೆ ಬಹಿರಂಗವಾಗಿ ಮಾತನಾಡಲಿಲ್ಲ.

ಚಿತ್ರದ ನಾಲ್ವರು ಮುಖ್ಯ ಹುಡುಗಿಯರಲ್ಲಿ ಕಪ್ಪುಜನರ ಹುಡುಗಿ ಒಬ್ಬಳೂ ಇಲ್ಲ. ಬಿಳಿಯರಲ್ಲದವಳೆಂದರೆ ಡೊಲೊರೆಸ್ ಒಬ್ಬಳೇ, ಸಾಯುವವಳೂ ಅವಳೇ. ಉಳಿದವರ ಕಣ್ಣು ತೆರೆಸುವುದಕ್ಕೆ ಅವಳ ಸಾವು ಬಳಕೆಯಾಗುತ್ತದೆ. ನಾನು ಚಿತ್ರವನ್ನು ಎರಡು ಸಲ ನೋಡಿದ್ದೇನೆ, ಎರಡನೆಯ ಸಲ ನನ್ನನ್ನು ಹೆಚ್ಚು ನೋಯಿಸಿದ್ದು ಇದು.

ಕಾನೂನು ವಿದ್ಯಾರ್ಥಿ
ಜರ್ಸಿ ಕನ್ನಡತಿ ಅವರ ಬರಹ ಓದಿದ ಮೇಲೆ ಸೇರಿಸಲು ನನ್ನ ಬಳಿ ಏನೂ ಉಳಿದಿಲ್ಲ.

ಬಿಳಿಪರದೆ
ಕೂದಲಿನ ಪ್ರಶ್ನೆಗೆ ಯಾರೂ ಬರಲಿಲ್ಲ. ಮತ್ತೊಮ್ಮೆ ಕೇಳುತ್ತೇನೆ: ಹೊಡೆಯುವುದಕ್ಕಿಂತ ಕೂದಲು ಕತ್ತರಿಸುವುದು ಏಕೆ ಹೆಚ್ಚು ಕ್ರೂರವಾಗಿ ಕಾಣುತ್ತದೆ?

ತುಂಗಾತೀರ
ನಮ್ಮ ಮನೆಗಳಲ್ಲಿ ಬೆಳೆದವರು ಇದನ್ನು ಕೇಳಬೇಕಿಲ್ಲ. ನನ್ನ ಅಜ್ಜಿಯ ಅಕ್ಕ ಹದಿನಾರನೆಯ ವಯಸ್ಸಿನಲ್ಲಿ ವಿಧವೆಯಾದರು. ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದರು. ತೊಂಬತ್ತು ವರ್ಷ ಬದುಕಿದ ಅವರು, ಮನೆಯ ಹೆಣ್ಣುಮಕ್ಕಳು ಹಿತ್ತಿಲಲ್ಲಿ ತಲೆ ಬಾಚಿಕೊಳ್ಳಲು ಕುಳಿತರೆ ಎದ್ದು ಒಳಗೆ ಹೋಗುತ್ತಿದ್ದರಂತೆ. ಹೊಡೆತದ ಬಾಸುಂಡೆಯನ್ನು ಬಟ್ಟೆಯ ಕೆಳಗೆ ಮುಚ್ಚಬಹುದು. ಬೋಳುತಲೆ ಊರಿಗೆಲ್ಲ ಕಾಣುವುದಕ್ಕೆಂದೇ ಕೊಡುವ ಶಿಕ್ಷೆ.

ನಿವೃತ್ತ ಮೇಲ್ವಿಚಾರಕಿ
ನಾನು ಇಲ್ಲಿ ಓದುವುದೇ ಹೆಚ್ಚು, ಬರೆಯುವುದು ಅಪರೂಪ. ಒಂದು ಜಿಲ್ಲಾ ಕೇಂದ್ರದ ಬಾಲಕಿಯರ ಬಾಲಮಂದಿರದಲ್ಲಿ ಹಲವು ವರ್ಷ ಕೆಲಸ ಮಾಡಿ ನಿವೃತ್ತಳಾದವಳು ನಾನು. ನಿನ್ನೆ ನನ್ನ ಮಗಳ ಲ್ಯಾಪ್‌ಟಾಪಿನಲ್ಲಿ ಈ ಚಿತ್ರವನ್ನು ನೋಡಿದೆ. ಕತ್ತರಿಯ ದೃಶ್ಯದಲ್ಲಿ ನಿಮಗೆಲ್ಲ ಡೊಲೊರೆಸ್ ಕಂಡಳು, ನನಗೆ ಕಂಡದ್ದು ಕತ್ತರಿ ಹಿಡಿದ ಕೈ.

ನಾನೂ ಒಬ್ಬ ಹುಡುಗಿಯ ಕೂದಲನ್ನು ಕತ್ತರಿಸಿದ್ದೇನೆ. ಅದು ಶಿಕ್ಷೆಗಾಗಿ ಅಲ್ಲ. ಒಂದು ಕೊಠಡಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರು ಒತ್ತೊತ್ತಾಗಿ ಮಲಗುತ್ತಿದ್ದರು. ಒಬ್ಬಳಿಗೆ ಹೇನಾದರೆ ವಾರದೊಳಗೆ ಎಲ್ಲರಿಗೂ. ಬೇವಿನೆಣ್ಣೆ ಹಚ್ಚಿ ಸೀರಣಿಗೆಯಲ್ಲಿ ಬಾಚುವುದಕ್ಕೆ ಒಬ್ಬೊಬ್ಬಳಿಗೂ ಒಂದು ಗಂಟೆ ಬೇಕು. ನಾವಿದ್ದದ್ದು ಇಬ್ಬರು. ಹೊಸದಾಗಿ ಬಂದ ಆ ಹುಡುಗಿಗೆ ಸೊಂಟದ ಕೆಳಗಿನವರೆಗೂ ಕೂದಲು, ಬುಡದಲ್ಲಿ ಹುಣ್ಣಾಗಿ ಜಡೆ ಅಂಟಿಕೊಂಡಿತ್ತು. ಬೇಡವೆಂದು ಅವಳು ನನ್ನ ಕೈ ಹಿಡಿದುಕೊಂಡಳು. ನಾನು ಆಯಾಳನ್ನು ಕರೆದು ಅವಳ ಕೈ ಹಿಡಿಸಿದೆ.

ಮಿಸೆಸ್ ಬ್ಯೂಲರ್ ದುಷ್ಟಳಿರಬಹುದು. ಆದರೆ ಆ ಕೆಲಸಕ್ಕೆ ದುಷ್ಟತನವೇ ಬೇಕೆಂದಿಲ್ಲ. ಹೊತ್ತಿಲ್ಲ, ಜನ ಸಾಲದು ಎಂಬುದಿಷ್ಟೇ ಸಾಕಾಗುತ್ತದೆ.

ಮೈಸೂರಿನ ವೀಕ್ಷಕ
ಮೇಡಂ, ಇದನ್ನು ಹೇಳಿಕೊಳ್ಳಲು ಧೈರ್ಯ ಬೇಕು. ಆದರೆ ನೀವು ಮಾಡಿದ್ದು ಔಷಧದ ಕೆಲಸ. ಅದನ್ನು ಬ್ಯೂಲರ್ ಜೊತೆ ಹೋಲಿಸಿಕೊಳ್ಳಬೇಡಿ.

ತುಂಗಾತೀರ
ಹೋಲಿಕೆ ಬೇಡವೆಂದು ನಾವು ಹೇಗೆ ಹೇಳುವುದು? ಅದನ್ನು ಹೇಳಬೇಕಾದವಳು ಆ ಹುಡುಗಿ.

ನಿವೃತ್ತ ಮೇಲ್ವಿಚಾರಕಿ
ತುಂಗಾತೀರ ಅವರು ಹೇಳಿದ್ದು ಸರಿ. ಕಾನೂನು ಓದುತ್ತಿರುವವರು ಬರೆದದ್ದನ್ನೂ ನಾನು ಎರಡು ಸಲ ಓದಿದೆ. ನಮ್ಮ ದಾಖಲಾತಿ ಪುಸ್ತಕದಲ್ಲಿ ‘ಸೇರಿಸಿಕೊಂಡ ಕಾರಣ’ ಎಂಬ ಅಂಕಣವಿತ್ತು. ಅವಳ ಹೆಸರಿನ ಎದುರು ‘ಮನೆ ಬಿಟ್ಟು ಹೋದವಳು’ ಎಂದು ನನ್ನ ಕೈಯಿಂದಲೇ ಬರೆದಿದ್ದೆ. ಏಕೆ ಬಿಟ್ಟಳು ಎಂದು ಬರೆಯಲು ಅಂಕಣವಿರಲಿಲ್ಲ. ನಾನೂ ಕೇಳಲಿಲ್ಲ.

ಬಿಳಿಪರದೆ
ಮೇಡಂ, ಕೇಳಬಾರದೆಂದಿದ್ದರೆ ಉತ್ತರಿಸಬೇಡಿ. ಆಮೇಲೆ ಆ ಹುಡುಗಿ ಏನಾದಳು?

ನಿವೃತ್ತ ಮೇಲ್ವಿಚಾರಕಿ
ಎರಡು ತಿಂಗಳು ತಲೆಗೆ ಟವೆಲ್ ಸುತ್ತಿಕೊಂಡೇ ಇದ್ದಳು, ಮಲಗುವಾಗಲೂ ತೆಗೆಯುತ್ತಿರಲಿಲ್ಲ. ಊಟದ ಸಾಲಿನಲ್ಲಿ ಕೊನೆಗೆ ನಿಲ್ಲುತ್ತಿದ್ದಳು. ಐದನೆಯ ತಿಂಗಳಿಗೆ ಅವಳ ತಂದೆ ಆದೇಶಪತ್ರ ಹಿಡಿದುಕೊಂಡು ಕರೆದೊಯ್ಯಲು ಬಂದ. ಅಷ್ಟರಲ್ಲಿ ಕೂದಲು ಕಿವಿಯ ಕೆಳಗೆ ಬಂದಿತ್ತು. ಮಗಳನ್ನು ನೋಡಿದವನೇ ಹೇಗಿದ್ದೀಯ ಎನ್ನಲಿಲ್ಲ. “ಕೂದ್ಲು ಯಾರು ಕತ್ರಿಸಿದ್ದು?” ಎಂದ. ನಾನು ಮೇಜಿನ ಈಚೆ ಸಹಿ ಹಾಕಿಸಲು ಪುಸ್ತಕ ಬಿಚ್ಚಿಕೊಂಡು ಕುಳಿತಿದ್ದೆ.

“ನಾನೇ ಕತ್ರಿಸ್ಕೊಂಡೆ” ಎಂದಳು.

ನಾನು ಅವನಿಗೆ ಸಹಿ ಹಾಕುವ ಜಾಗವನ್ನು ತೋರಿಸಿದೆ.